ಆಪರೇಟರ್ ಕಂಡುಹಿಡಿದ ತಪ್ಪು

ಮೊನ್ನೆ ವಿಜಯನಗರದ ನರ್ಸಿಂಗ್ ಹೋಮಿನಲ್ಲಿ ಇಂಜೆಕ್ಷನ್ ಕೊಡುವ ಮುಂಚೆ ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಸವರಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಆಪರೇಟರ್ ಕಣ್ಣ ಮುಂದೆ ಬಂದು ನಿಂತರು. ದಿನಾ ಬೆಳಿಗ್ಗೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಟೇಪ್ ಯಂತ್ರವನ್ನು ಒರೆಸುತ್ತಿದ್ದರು. ಮಗುವಿನ ಕಣ್ಣು ಒರೆಸುವಷ್ಟು ಮೆತ್ತಗೆ...

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ನಾನು ಪ್ರೋಗ್ರಾಮರ್ ಆಗಿದ್ದೆ. ನಾವು ತೂತು ಹೊಡೆದ ಕಾರ್ಡುಗಳಲ್ಲಿ ಕೊಟ್ಟ ಕೆಲಸಗಳಿಗೆ ಜಾಬ್ ಎನ್ನುತ್ತಿದ್ದೆವು. ಅವನ್ನು ಒಂದಾದ ಮೇಲೊಂದು ಯಂತ್ರಕ್ಕೆ ಹಾಕಿ ಓಡಿಸಿ, ಓಡಿದ್ದನ್ನು ಲಾಗ್ ಪುಸ್ತಕದಲ್ಲಿ ಬರೆದಿಡುವುದು ಆಪರೇಟರ್ ಕೆಲಸ. ಅವರು ಹೇರೋಹಳ್ಳಿಯ ರೈತರ ಮನೆಯವರು, ಮಾಗಡಿ ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರಾದರೂ ನನ್ನನ್ನು ಮೇಡಂ ಎಂದೇ ಕರೆಯುತ್ತಿದ್ದರು.

ಆ ವರ್ಷ ಯಂತ್ರದ ಮೂಲ ಪ್ರೋಗ್ರಾಮಿನ ಒಂದು ಭಾಗವನ್ನು ನಾನು ಹೊಸದಾಗಿ ಬರೆದಿದ್ದೆ. ಹೊಸ ಫೈಲಿಗೆ ಡಿಸ್ಕಿನಲ್ಲಿ ಖಾಲಿ ಜಾಗ ಹುಡುಕಿಕೊಡುವ ಭಾಗ ಅದು. ಬರೆದೆನೆಂಬ ಜಂಬವೂ ಇತ್ತು. ಕೆಲವೇ ದಿನಗಳಲ್ಲಿ ಫೈಲುಗಳು ಕೆಡಲು ಶುರುವಾದವು. ಬಿಡಿಭಾಗಗಳ ಪಟ್ಟಿ ತೆಗೆದರೆ ನಡುವೆ ಇನ್ಯಾವುದೋ ಫೈಲಿನ ಅಂಕಿಗಳು. ಡಿಸ್ಕನ್ನು ಯಂತ್ರಕ್ಕೆ ಕೂರಿಸುವವರು ಆಪರೇಟರ್. ಎಲ್ಲರ ಅನುಮಾನವೂ ಅವರ ಮೇಲೆ ಬಿತ್ತು.

ಒಂದು ಮಧ್ಯಾಹ್ನ ಅವರು ನನ್ನ ಮೇಜಿನ ಹತ್ತಿರ ಬಂದರು.

"ಮೇಡಂ, ಒಂದ್ ವಿಷ್ಯ. ಹೊಸ ಫೈಲ್ ಮಾಡೋ ಜಾಬ್ನ ಬೆಳಿಗ್ಗೆ ಮೊದಲ್ನೇದಾಗಿ ಹಾಕಿದ್ರೆ ಏನೂ ಆಗಲ್ಲ. ಬೇರೆ ಜಾಬ್ ಓಡಿದ್ಮೇಲೆ ಹಾಕಿದ್ರೇನೇ ಫೈಲ್ ಕೆಡೋದು. ಲಾಗ್ ಬುಕ್ಕಲ್ಲಿ ಬರೆದಿಟ್ಟಿದೀನಿ, ನೋಡ್ತೀರಾ?"

"ಮೊದಲು, ಆಮೇಲೆ ಅನ್ನೋದೆಲ್ಲ ಮಿಷನ್‌ಗೆ ಗೊತ್ತಾಗಲ್ಲ. ನೀವು ಡಿಸ್ಕ್ ಹುಷಾರಾಗಿ ಹಾಕಿ, ಸಾಕು" ಎಂದೆ. ತಲೆ ಎತ್ತಿ ನೋಡಿದೆನೋ ಇಲ್ಲವೋ, ನೆನಪಿಲ್ಲ.

ಅದೇ ತಿಂಗಳು ಅವರನ್ನು ಉಗ್ರಾಣಕ್ಕೆ ಹಾಕಿದರು. ಹೊಸ ಆಪರೇಟರ್ ಬಂದರು. ಫೈಲುಗಳು ಕೆಡುವುದು ಮಾತ್ರ ನಿಲ್ಲಲಿಲ್ಲ. ಆಗ ಅವರು ಹೇಳಿದ್ದು ನೆನಪಾಯಿತು. ಲಾಗ್ ಪುಸ್ತಕ ತೆಗೆದೆ. ಯಾವ ಜಾಬಿನ ನಂತರ ಯಾವ ಫೈಲ್ ಕೆಟ್ಟಿತು ಎಂದು ಗುಂಡು ಅಕ್ಷರದಲ್ಲಿ ಸಾಲಾಗಿ ಬರೆದಿದ್ದರು. ಅದನ್ನು ಪಕ್ಕಕ್ಕಿಟ್ಟುಕೊಂಡು ನನ್ನ ಪ್ರೋಗ್ರಾಮನ್ನು ಓದಿದರೆ ಅರ್ಧ ಗಂಟೆಯಲ್ಲಿ ತಪ್ಪು ಸಿಕ್ಕಿತು. ಖಾಲಿ ಜಾಗ ಎಷ್ಟನೆಯದು ಎಂದು ಡಿಸ್ಕಿನ ಮೊದಲಿನಿಂದ ಎಣಿಸಿ ಆ ಸಂಖ್ಯೆಯನ್ನು ಇಡುವ ಒಂದು ವೇರಿಯಬಲ್ ಇತ್ತು. ಎಣಿಕೆ ಶುರುವಾಗುವ ಮುಂಚೆ ಅದರಲ್ಲಿ ಸೊನ್ನೆ ತುಂಬಿಸಬೇಕಿತ್ತು, ನಾನು ಮರೆತಿದ್ದೆ. ಬೆಳಿಗ್ಗೆ ಯಂತ್ರ ಶುರು ಮಾಡುವಾಗ ಮೆಮೊರಿಯೆಲ್ಲ ಸೊನ್ನೆಯಾಗಿರುತ್ತಿದ್ದುದರಿಂದ ಮೊದಲ ಜಾಬ್ ಸರಿಹೋಗುತ್ತಿತ್ತು. ಆಮೇಲೆ ಓಡಿದರೆ ಹಿಂದಿನ ಜಾಬ್ ಬಿಟ್ಟುಹೋದ ಯಾವುದೋ ಸಂಖ್ಯೆ ಅಲ್ಲೇ ಕೂತಿರುತ್ತಿತ್ತು. ಎಣಿಕೆ ಅದರಿಂದಲೇ ಶುರುವಾಗಿ ತಪ್ಪಾಗಿ ತೋರಿಸಿದ ಕಡೆ, ಇನ್ನೊಂದು ಫೈಲಿನ ಮೇಲೆಯೇ, ಪ್ರೋಗ್ರಾಮು ಬರೆದುಬಿಡುತ್ತಿತ್ತು.

ಒಂದೇ ಸಾಲು ಸೇರಿಸಿದೆ. ಮತ್ತೆ ಫೈಲ್ ಕೆಡಲಿಲ್ಲ.

ವಿಭಾಗದ ಮುಖ್ಯಸ್ಥರು, "ಸರಿಹೋಯ್ತಲ್ಲ ಬಿಡಿ, ಅದನ್ನೆಲ್ಲ ಬರವಣಿಗೇಲಿ ಹಾಕ್ಬೇಡಿ" ಎಂದರು. ತಪ್ಪು ನನ್ನದೆಂದು ಬರೆದೇ ಕೊಟ್ಟೆ. ಆ ಭಾನುವಾರ ಹೇರೋಹಳ್ಳಿಗೂ ಹೋದೆ. ಜಗಲಿಯ ಮೇಲೆ ಚಾಪೆ ಹಾಸಿದರು, ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟರು. ನಾನು ಹೇಳುವುದನ್ನೆಲ್ಲ ಹೇಳಿ ಮುಗಿಸಿದೆ.

"ನಮ್ಮಪ್ಪ ಹೋದ್ ತಿಂಗ್ಳು ತೀರ್ಕೊಂಡ್ರು ಮೇಡಂ" ಎಂದರು. "ನಾನೇ ಮಿಷನ್ ಕೆಡಿಸ್ದೆ ಅಂದ್ಕೊಂಡೇ ಹೋದ್ರು."

ಬೈಯಲಿಲ್ಲ. ಬೈದಿದ್ದರೆ...

ಅವರನ್ನು ಮತ್ತೆ ಯಂತ್ರದ ಕೋಣೆಗೆ ಕರೆಸಿಕೊಂಡರು. ಅವರು ಕೆಲಸದಲ್ಲಿ ಒಂದು ಚೂರೂ ಕಡಿಮೆ ಮಾಡಲಿಲ್ಲ. ಆದರೆ ಲಾಗ್ ಪುಸ್ತಕದಲ್ಲಿ ಅಂದಿನಿಂದ ಬರೀ ವೇಳೆ, ಜಾಬಿನ ಸಂಖ್ಯೆ. "ಏನಾದ್ರೂ ಗಮನಿಸಿದ್ರಾ?" ಎಂದು ನಾನೇ ಹೋಗಿ ಕೇಳಿದರೂ, "ನೀವೇ ನೋಡ್ಕೊಳ್ಳಿ ಮೇಡಂ" ಎನ್ನುತ್ತಿದ್ದರು. ನಾನು ಆ ಕಾರ್ಖಾನೆ ಬಿಡುವವರೆಗೂ ಅಷ್ಟೇ.

ನರ್ಸಿಂಗ್ ಹೋಮಿನಿಂದ ಹಾಗೇ ಆಟೋದಲ್ಲಿ ಹೇರೋಹಳ್ಳಿಗೆ ಹೋದೆ. ಜಗಲಿಯ ಮನೆ ಎಲ್ಲಿತ್ತೆಂದೇ ಗುರುತು ಸಿಗಲಿಲ್ಲ. ದಿನಸಿ ಅಂಗಡಿಯೊಂದರಲ್ಲಿ ಅವರ ಹೆಸರು ಹೇಳಿ ವಿಚಾರಿಸಿದೆ. ಅವರು ತೀರಿಹೋಗಿ ನಾಲ್ಕು ವರ್ಷವಾಯಿತಂತೆ.

"ಅವ್ರು ನಿಮಗೇನಾಗ್ಬೇಕಮ್ಮ?" ಎಂದು ಅಂಗಡಿಯವರು ಕೇಳಿದರು.



"ನನ್ ತಪ್ಪನ್ನ ನನಗಿಂತ ಮೊದಲು ಕಂಡೋರು" ಎಂದೆ.