ಖಾಲಿ ವ್ಯಾನಿಗೆ ಯಾರೂ ಹತ್ತುವುದಿಲ್ಲ

ಹೋದ ತಿಂಗಳು ಬಿಸಿಲಲ್ಲಿ ನಿಂತಿದ್ದ ಆಟೋ ಹತ್ತಿದಾಗ ಕಾದ ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿಯಿತು. ಎದುರುಮನೆಯವರ ವ್ಯಾನು ನೆನಪಾಯಿತು...

ಎಪ್ಪತ್ತರ ದಶಕದ ಮಾತು. ಮದುವೆಯಾಗಿ ರಾಜಾಜಿನಗರಕ್ಕೆ ಬಂದ ಹೊಸತು. ಯಜಮಾನರು ಫ್ಯಾಕ್ಟರಿಗೆ ಹೋದರೆ ಸಂಜೆಯವರೆಗೆ ನಾನು, ಗೋಡೆ, ಗೋಡೆಯ ಮೇಲಿನ ಕ್ಯಾಲೆಂಡರು. ಎದುರುಮನೆಯವರೂ ಒಂಟಿ, ಹೆಂಡತಿ ತೀರಿಕೊಂಡಿದ್ದರು. ಹಳೆಯ ವ್ಯಾನೊಂದರಲ್ಲಿ ಪ್ರವಾಸಿಗಳನ್ನು ಮೈಸೂರಿಗೆ ಕರೆದೊಯ್ಯುತ್ತಿದ್ದರು. ಡ್ರೈವರೂ ಅವರೇ, ಗೈಡೂ ಅವರೇ, ಬೆಳಗ್ಗೆ ಎದ್ದು ಪುಳಿಯೋಗರೆ ಕಲೆಸುವವರೂ ಅವರೇ. ದೊಡ್ಡ ಕಂಪನಿಗಳ ಲಕ್ಸುರಿ ಬಸ್ಸುಗಳು ಬಂದ ಮೇಲೆ ಅವರ ಪಾಡು ನಾಯಿಪಾಡಾಗಿತ್ತು.

ಖಾಲಿ ವ್ಯಾನಿಗೆ ಯಾರೂ ಹತ್ತುವುದಿಲ್ಲ. ಅದಕ್ಕೇ ಅವರು ಬೀದಿಯ ನಾಲ್ಕೈದು ಜನರನ್ನು ಸಿಟಿ ಸ್ಟೇಷನ್ನಿನ ಮುಂದೆ ಪ್ರವಾಸಿಗಳ ಹಾಗೆ ವ್ಯಾನಿನಲ್ಲಿ ಕೂರಿಸುತ್ತಿದ್ದರು. ನಿಜವಾದ ಗಿರಾಕಿ ಬಂದ ಹಾಗೆಲ್ಲ ನಾವು ಒಬ್ಬೊಬ್ಬರೇ "ಅಯ್ಯೋ, ಸ್ಟವ್ ಆರ್ಸೋದೇ ಮರ್ತೆ" ಎಂದು ಇಳಿದು ಸಿಟಿ ಬಸ್ಸಿನಲ್ಲಿ ಮನೆಗೆ ಮರಳಬೇಕು. ಬಾಗಿಲ ಪಕ್ಕದ ಸೀಟು ನನ್ನದು. ಮೊದಲು ನಾನು ಏಳಬೇಕು, ನನ್ನನ್ನು ನೋಡಿ ಉಳಿದವರು. ರೇಷ್ಮೆ ಸೀರೆ ಉಟ್ಟು ಎಷ್ಟು ಸಲ ಆ ವ್ಯಾನಿನಲ್ಲಿ ಕೂತೆನೋ! ಮೈಸೂರು ಮಾತ್ರ ಕಂಡಿರಲಿಲ್ಲ.

ಒಂದು ವರ್ಷ ಅವರು ನಮ್ಮ ಗೇಟಿನ ಹತ್ತಿರ ನಿಂತು, "ಈ ದಸರಾನೂ ಕೈಕೊಟ್ರೆ ವ್ಯಾನ್ ಮಾರ್ಬಿಡ್ತೀನಮ್ಮ" ಅಂದರು. ಕೇಳಿ ಬೀದಿಗೆ ಬೀದಿಯೇ ಮರುಗಿತು. ಮಾರನೆಯ ಬೆಳಗ್ಗೆ ಮನೆಗೊಬ್ಬರಂತೆ ಬಂದು ಹತ್ತಿದೆವು. ಒಂದು ಸೀಟೂ ಉಳಿಯಲಿಲ್ಲ! ಅವರು ನಕ್ಕು, ಸಿಟಿ ಸ್ಟೇಷನ್ನಿನ ಮುಂದೆ ವ್ಯಾನು ತಂದು ನಿಲ್ಲಿಸಿ, ಗಿರಾಕಿ ಹುಡುಕಲು ಒಳಗೆ ಹೋದರು.

ಅವರು ಅತ್ತ ಹೋದದ್ದೇ ತಡ, ಇತ್ತ ಟ್ರಂಕು ಹೊತ್ತ ದೊಡ್ಡ ಸಂಸಾರವೊಂದು ಬೋರ್ಡು ಓದಿ ಬಾಗಿಲಿಗೇ ಬಂತು. ನಾನು ಏಳಬೇಕಿತ್ತು. ಏಳಲಿಲ್ಲ. ಹಿಂದೆ ಎಲ್ಲರೂ ನಗುತ್ತಿದ್ದರು, ಪಕ್ಕದ ಮನೆಯ ಅಜ್ಜಿ ನನ್ನ ಕೈ ಹಿಡಿದು ಏನೋ ಹೇಳುತ್ತಿದ್ದರು... ಇಳಿದರೆ ಮತ್ತೆ ಅದೇ ಗೋಡೆ. ಸೀಟಿಲ್ಲ ಎಂದು ಕೈಯಾಡಿಸಿಬಿಟ್ಟೆ. ಆ ಸಂಸಾರ ಲಕ್ಸುರಿ ಬಸ್ಸಿನ ಕಡೆ ನಡೆಯಿತು. ಹರಟೆಯಲ್ಲಿ ಮುಳುಗಿದ್ದ ಉಳಿದವರಿಗೆ ಗೊತ್ತೇ ಆಗಲಿಲ್ಲ.

ಎದುರುಮನೆಯವರು ಬರಿಗೈಯಲ್ಲಿ ಬಂದರು. "ಯಾರಾದ್ರೂ ಬಂದಿದ್ರಾಮ್ಮ?"

"ಇಲ್ಲ" ಅಂದೆ.

ಸ್ಟೇಷನ್ನಿನ ಬಾಗಿಲ ಕಡೆ ಇನ್ನೊಮ್ಮೆ ನೋಡಿದರು. ಆಮೇಲೆ, "ಪುಳಿಯೋಗರೆ ಯಾಕೆ ಹಾಳ್ಮಾಡೋದು? ನಡೀರಿ, ನೀವೇ ಮೈಸೂರು ನೋಡ್ಕೊಂಡ್ ಬನ್ನಿ" ಎಂದು ಸ್ಟೀರಿಂಗ್ ಹಿಡಿದರು. ವ್ಯಾನಿನೊಳಗೆ ಹೋ ಎಂದು ಕೂಗೆದ್ದಿತು. ಕೆಂಗೇರಿ ದಾಟಿದ ಮೇಲೆ ಗಿರಾಕಿಗಳಿಗೆ ಹೇಳುವ ಹಾಗೆಯೇ ಊರೂರಿನ ಕಥೆ ಹೇಳಿದರು. ಆ ದಿನ ನನಗೆಷ್ಟು ಖುಷಿಯಾಗಿತ್ತೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ದೀಪಾವಳಿಯ ಹೊತ್ತಿಗೆ ವ್ಯಾನು ಹೋಯಿತು. ಯುಗಾದಿಗೆ ಅವರೂ ಮನೆ ಖಾಲಿ ಮಾಡಿದರು. ಎಲ್ಲಿಗೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಹೋದ ತಿಂಗಳು ಆ ಆಟೋದಲ್ಲಿ ಇದೆಲ್ಲ ನೆನಪಾದ ಮೇಲೆ, ಈಗಲಾದರೂ ಅವರಿಗೆ ನಿಜ ಹೇಳಿಯೇಬಿಡೋಣವೆಂದು ವಿಚಾರಿಸಿಕೊಂಡು, ಕೆಂಗೇರಿಯಲ್ಲಿ ಅವರ ತಂಗಿಯ ಮಗಳ ಮನೆಗೆ ಹೋದೆ. ಅವರು ತೀರಿಕೊಂಡು ಬಹಳ ವರ್ಷಗಳಾಗಿವೆಯಂತೆ. ಆಕೆ ಕಾಫಿ ಕೊಟ್ಟು, "ನೀವು ಆ ಬೀದಿಯವ್ರಾ ಆಂಟಿ? ಕೊನೇತನಕ ನಿಮ್ಮನ್ನೆಲ್ಲ ನೆನೆಸ್ಕೋತಿದ್ರು. ವ್ಯಾನ್ ಉಳಿಸ್ಬೇಕು ಅಂತ ಇಡೀ ಬೀದಿನೇ ಬಂದು ಕೂತಿತ್ತಂತೆ" ಅಂದಳು.

"ಹೌದಮ್ಮ" ಎಂದು ಕಾಫಿ ಕುಡಿದು ಎದ್ದುಬಂದೆ.