ಮೂಗು ಹಿಡಿದು ಕೆನ್ನೆಗೆ ಹೊಡೆಯುವ ವಿದ್ಯೆ

ಒಲೆಯ ಮೇಲಿನ ಹಾಲಿಗಿಂತ ಮೊದಲು ನಾನೇ ಉಕ್ಕುತ್ತೇನೆಂದು ನಮ್ಮ ಮನೆಯವರ ದೂರು. ಉಕ್ಕಲಿ ಬಿಡಿ. ಆರಿದ ರೊಟ್ಟಿಯನ್ನಾದರೂ ತಿನ್ನಬಹುದು, ಆರಿದ ಸಿಟ್ಟಿನಿಂದ ಯಾವ ಕೆಲಸವೂ ಆಗುವುದಿಲ್ಲ.

ನಮ್ಮದು ಹಿರೇಕೆರೂರಿನ ಕಡೆಯ ಒಂದು ಹಳ್ಳಿ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಮಗಳು ಶಾಂತವ್ವ ಮೂರನೆಯ ಇಯತ್ತೆ. ನಾನು ರೊಟ್ಟಿ ಬಡಿಯುವ ಸದ್ದಿಗೆ ಸರಿಯಾಗಿ ಮಗ್ಗಿ ಒಪ್ಪಿಸುವ ಹುಡುಗಿ, ಶಾಲೆಯಲ್ಲಿ ಇದ್ದಕ್ಕಿದ್ದಂತೆ ಬಾಯಿ ಬಿಡಲೊಲ್ಲಳು. "ನಿಮ್ಮ ಮಗಳು ಅಂದ್ರ ಬರೇ ಕಲ್ಲ ನೋಡ್ರಿ" ಎಂದು ಮಾಸ್ತರರು ನಮ್ಮ ಮನೆಯವರಿಗೆ ಹೇಳಿದರಂತೆ.

"ಹಂಗಾದ್ರ ಸಾಲಿ ಬಿಡಸೂಣು. ಕಳೆ ತಗಿಯಾಕ ಮಗ್ಗಿ ಯಾಕ ಬೇಕು?" ಎಂದು ಇವರು ತೀರ್ಪು ಕೊಟ್ಟೇಬಿಟ್ಟರು.

ಅತ್ತೆಯವರು ದೃಷ್ಟಿ ತೆಗೆದು ಮೆಣಸಿನಕಾಯಿ ಒಲೆಗೆ ಹಾಕಿದರು. ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದೆವು. ಕೆಮ್ಮು ಬಂದರೆ ದೃಷ್ಟಿಯಲ್ಲವಂತೆ. ಹಾಗಾದರೆ ಮತ್ತೇನು ಎಂದು ಆ ಕೂಸನ್ನೇ ಕೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ!

ತಲೆ ಬಾಚುವಾಗ ನಾನೇ ಕೇಳಿದೆ. "ಉತ್ತರ ಹೇಳಿದ್ರ ಗಂಗೀನ್ನ ಹೊಡೀಬೇಕಲ್ಲಬೇ" ಎಂದು ಬಿಕ್ಕಿದಳು. ಗಂಗಿ ಪಕ್ಕದ ಮನೆಯ ಹುಡುಗಿ, ಇವಳ ಜೀವದ ಗೆಳತಿ. ಮಾಸ್ತರರು ಹೊಸದಾಗಿ ತಂದ ಪದ್ಧತಿ ಹೀಗಿತ್ತು: ಲೆಕ್ಕ ಬಂದವರು ಬಾರದವರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು. ಮೆಲ್ಲಗೆ ಹೊಡೆದರೆ, ಹೊಡೆಯುವುದು ಹೇಗೆಂದು ಮಾಸ್ತರರು ಹೊಡೆದವರಿಗೇ ಹೊಡೆದು ತೋರಿಸುತ್ತಾರೆ. ಆಹಾ, ಎಂಥ ವಿದ್ಯೆ! ನಮ್ಮ ಹತ್ತಿರದ ಅಬಲೂರಿನ ಗುಡಿಯಲ್ಲಿ ಶಾಸನದ ಕಲ್ಲುಗಳಿವೆ. ಪೆಟ್ಟು ತಿಂದೇ ಅಕ್ಷರ ಹತ್ತಿಸಿಕೊಂಡವು, ನಿಜ. ಆದರೆ ಅವನ್ನು ಕೊರೆದ ಪುಣ್ಯಾತ್ಮನೂ ಒಂದು ಕಲ್ಲಿನ ಕೈಯಿಂದ ಇನ್ನೊಂದನ್ನು ಹೊಡೆಸಲಿಲ್ಲ.

ಸೆರಗು ಸಿಕ್ಕಿಸಿಕೊಂಡು, ಮಗಳ ಕೈ ಹಿಡಿದು ಶಾಲೆಗೆ ನಡೆದೆ.

"ಬರ್ರಿ ಅಕ್ಕಾರ, ಕುಂದರ್ರಿ" ಎಂದರು ಮಾಸ್ತರರು.

"ಕುಂದರಾಕ ಬಂದಿಲ್ರಿ. ಇವತ್ತ ಯಾರೂ ಯಾರನ್ನೂ ಹೊಡಿಯೂಹಂಗಿಲ್ಲ ಅಂತ ಹುಡುಗರಿಗೆ ಹೇಳ್ರಿ. ಆಮ್ಯಾಲೆ ಲೆಕ್ಕ ಕೇಳ್ರಿ."

"ಹೊಡೀಲಾರದ ವಿದ್ಯಾ ಹತ್ತತೈತೇನ್ರಿ?" ಎಂದು ನಕ್ಕರು.

"ಕೇಳಿ ನೋಡ್ರಿ!" ನನ್ನ ದನಿ ಓಣಿಯ ತುದಿಯವರೆಗೆ ಹೋಗಿರಬೇಕು.

ಪೀಡೆ ಹೋದರೆ ಸಾಕೆಂಬಂತೆ ಮಾಸ್ತರರು ಹಾಗೆಯೇ ಹೇಳಿ, "ಏಳ ಎಂಟ್ಲೆ ಎಷ್ಟು?" ಎಂದರು.

ಶಾಂತವ್ವ ನನ್ನ ಮುಖ ನೋಡಿದಳು, ಗಂಗಿಯ ಮುಖ ನೋಡಿದಳು, ಮೆಲ್ಲಗೆ ಕೈ ಎತ್ತಿದಳು. ಅಷ್ಟರಲ್ಲಿ ಗಂಗಿಯ ಕೈಯೂ ಎದ್ದಿತು. ಅವಳ ಬದಿಯವಳದು, ಅವಳ ಹಿಂದಿನವನದು, ಗೋಡೆಗಂಟಿ ಕೂಡಿಸಿದ ದಡ್ಡರ ಸಾಲಿನಲ್ಲೂ ಒಂದೊಂದಾಗಿ ಕೈಗಳು. ಲೆಕ್ಕ ಬರುತ್ತಿದ್ದರೂ ಆ ಕೂಸುಗಳು ಇನ್ನೊಬ್ಬರ ಕೆನ್ನೆ ಉಳಿಸಲು ದಿನವೂ ತಮ್ಮ ಕೆನ್ನೆ ಒಡ್ಡಿ ಕುಳಿತಿದ್ದವು.

ಮಾಸ್ತರರ ನಗು ಅಲ್ಲಿಗೇ ನಿಂತಿತು. ನನ್ನ ಸಿಟ್ಟು ಇಳಿಯುತ್ತದೆಂದುಕೊಂಡಿದ್ದೆ, ಇನ್ನೂ ಹೆಚ್ಚಾಯಿತು.