ನಮ್ಮ ಮನೆಯ ಶಾಕಾಹಾರಿ ಹವಳ

ಇವತ್ತು ಬೆಳಗ್ಗೆ ಹಾಲ್‌ನಲ್ಲಿರುವ ಗಾಜಿನ ತೊಟ್ಟಿಯ ಅಂಚಿಗೆ ಕಟ್ಟಿದ್ದ ಉಪ್ಪಿನ ಪೊರೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾಗ ಸಮುದ್ರದ ವಾಸನೆ ಮೂಗಿಗೆ ಬಡಿಯಿತು. ದಾವಣಗೆರೆಗೆ ಸಮುದ್ರ ಎಲ್ಲಿಂದ ಬಂತು ಎಂದು ನೀವು ಕೇಳಬೇಕು, ಎಲ್ಲರೂ ಕೇಳುತ್ತಾರೆ. ಪುಡಿಯಾಗಿ, ಬಕೆಟ್ಟಿನಲ್ಲಿ ತುಂಬಿಕೊಂಡು ಬರುತ್ತದೆ. ಶುದ್ಧ ಮಾಡಿದ ನೀರಿಗೆ ಕದಡಿದರೆ ಸಮುದ್ರ ತಯಾರು. ಅದರೊಳಗೆ ಎರಡು ಕಿತ್ತಳೆ ಬಣ್ಣದ ಮೀನು, ಮತ್ತೆ ಜೀವಂತ ಹವಳ. ಹವಳವೆಂದರೆ ಉಂಗುರಕ್ಕೆ ಕೂರಿಸುವ ಕೆಂಪು ಹರಳು ಅಂತಲೇ ತಿಳಿದಿದ್ದ ನಮ್ಮ ನೆಂಟರೊಬ್ಬರು ತೊಟ್ಟಿಯನ್ನು ನೋಡಿ, "ಯಾವ ಬೆರಳಿಗೆ ಹಾಕ್ಕಳಾಕ್ರೀ ಇದನ್ನ?" ಎಂದು ಕೇಳಿದ್ದರು.

ಐವತ್ತು ದಾಟಿದ ಗಂಡಸಿಗೆ ಏನಾದರೊಂದು ಹುಚ್ಚು ಹಿಡಿಯುತ್ತದೆ. ಕೆಲವರು ಯೋಗಕ್ಕೆ ಬೀಳುತ್ತಾರೆ, ಕೆಲವರು ಸೈಟು ನೋಡುತ್ತಾ ಅಲೆಯುತ್ತಾರೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ನನಗೆ ಆರು ವರ್ಷದ ಹಿಂದೆ ಇದು ಹಿಡಿಯಿತು. ತೊಟ್ಟಿಯಲ್ಲೇ ಬೆಳೆಸಿದ ನಾಲ್ಕು ಹವಳದ ತುಂಡು ಕೊಟ್ಟ ಬೆಂಗಳೂರಿನ ಅಂಗಡಿಯವನು ಕೊನೆಗೊಂದು ಮಾತು ಹೇಳಿದ್ದ. "ಬೆಳಕು, ಶಾಖ ಎಲ್ಲ ಒಂದೇ ಸಮ ಇರಲಿ ಸಾರ್. ಆದ್ರೆ ಇದು ಗಿಡ ಅಲ್ಲ, ಪ್ರಾಣಿ. ಇದಕ್ಕೂ ಬಾಯಿದೆ. ವಾರಕ್ಕೆರಡು ಸಲ ಸೀಗಡಿ ಹಾಕಿ."

ಸೀಗಡಿ! ಆ ಪದ ಕೇಳಿ ನನ್ನ ಹೆಂಡತಿ ಫ್ರಿಜ್ಜಿಗೆ ಅಡ್ಡ ನಿಂತಳು. "ಅದನ್ನ ಇದರಾಗಿಟ್ರೆ ನಮ್ಮವ್ವ ಈ ಮನೆ ನೀರೂ ಮುಟ್ಟಲ್ಲ, ತಿಳ್ಕೊಳ್ರಿ."

ಅವಳ ಅವ್ವ, ಅಂದರೆ ನನ್ನ ಅತ್ತೆ, ಹರಿಹರದವರು. ಲಿಂಗಪೂಜೆ ಆಗದೆ ತುಟಿಗೆ ಹನಿ ನೀರು ತಾಗಿಸದವರು. ಪಕ್ಕದ ಮನೆಯಲ್ಲಿ ಮೊಟ್ಟೆ ಒಡೆದರೆ ನಮ್ಮ ಮನೆಯ ಕಿಟಕಿ ಮುಚ್ಚುವವರು. ಅವರಿಗೆ ಹೆದರಿ ನಾನು ಇಡೀ ತೊಟ್ಟಿಯನ್ನೇ ಶಾಕಾಹಾರಿ ಮಾಡಿಬಿಟ್ಟೆ. ಮೀನಿಗೆ ಪಾಚಿಯ ಪುಡಿ, ಹವಳಕ್ಕೆ ಬರೀ ಬೆಳಕು. ವಿಭೂತಿ ಹಚ್ಚುವುದೊಂದು ಬಾಕಿ ಇತ್ತು.

ಮೂರು ತಿಂಗಳಿಗೆ ಹವಳ ಬಿಳಚತೊಡಗಿತು. ನಾನು ಸುಮ್ಮನಿರುವ ಆಸಾಮಿಯೇ? ದಿನಾ ನೀರು ಪರೀಕ್ಷಿಸಿದೆ. ದೀಪ ಮೇಲೆ ಕೆಳಗೆ ಮಾಡಿದೆ, ತುಂಡುಗಳನ್ನು ಅಲ್ಲಿಂದಿಲ್ಲಿಗೆ ಎತ್ತಿಟ್ಟೆ. ನೀರು ಎಷ್ಟು ಶುದ್ಧವಾಯಿತೆಂದರೆ ಅದರಲ್ಲಿ ಯಾವ ಜೀವಕ್ಕೂ ತಿನ್ನಲು ಏನೂ ಉಳಿಯಲಿಲ್ಲ. ಎರಡು ತುಂಡು ಸತ್ತು ಸುಣ್ಣದ ಕಡ್ಡಿಯಾದವು. ಅವನ್ನು ಹೊರಗೆ ತೆಗೆದ ದಿನ, ನಗಬೇಡಿ, ನನಗೆ ಊಟ ಸೇರಲಿಲ್ಲ. ಉಳಿದೆರಡನ್ನು ಉಳಿಸಿಕೊಳ್ಳಲು ದುಬಾರಿ ಔಷಧದ ಬಾಟಲಿಯೊಂದನ್ನು ತರಿಸಿದೆ.

ಅದೇ ಹೊತ್ತಿಗೆ ಅತ್ತೆ ಕಣ್ಣಿನ ಪೊರೆಯ ಆಪರೇಷನ್‌ಗೆ ಬಂದು ನಮ್ಮಲ್ಲೇ ಉಳಿದರು. ಟಿವಿ ನೋಡಬೇಡಿ ಎಂದಿದ್ದರು ಡಾಕ್ಟರು, ತೊಟ್ಟಿ ನೋಡಬೇಡಿ ಎಂದಿರಲಿಲ್ಲ. ಇಡೀ ದಿನ ಅದರ ಮುಂದೆಯೇ ಕುರ್ಚಿ. ಒಂದು ಸಂಜೆ ಕರೆದರು. "ಅಳಿಯಂದ್ರೇ, ಹೊತ್ತು ಮುಳುಗಿದ್ರೆ ಸಾಕು, ಈ ಕಲ್ಲು ಬಾಯಿ ತೆಗಿತೈತಲ್ರೀ. ಹಸಿವಾಗಿರಬೇಕು."

"ಅದು ನೀರಿನ ಹರಿವಿಗೆ ಹಂಗಾಗ್ತದ ಅತ್ತೆ," ಎಂದು ಶುರು ಮಾಡಿ ಅರ್ಧ ಗಂಟೆ ಪಾಠ ಹೇಳಿದೆ. "ಹಂಗೇನ್ರಿ," ಎಂದು ಕುರ್ಚಿಯನ್ನು ತೊಟ್ಟಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ಮರುದಿನ, ಮನೆ ನೋಡಿಕೊಂಡು ಬರುತ್ತೇನೆಂದು ಹರಿಹರಕ್ಕೆ ಹೋಗಿ ಸಂಜೆಗೆ ತಿರುಗಿ ಬಂದರು.

ತಿಂಗಳೊಳಗೆ ಹವಳಕ್ಕೆ ನೇರಳೆ ಬಣ್ಣ ಮರಳಿತು. ತುದಿಯಲ್ಲಿ ಹೊಸ ಮೊಳಕೆ! ನನ್ನ ಬಾಟಲಿಯ ಮಹಿಮೆ ಕೊಂಡಾಡಿ ವಾಟ್ಸಾಪ್ ಗುಂಪುಗಳಿಗೆಲ್ಲ ಫೋಟೋ ಕಳಿಸಿದೆ, ಸ್ಟಾಫ್ ರೂಮಿನಲ್ಲಿ ಭಾಷಣ ಬಿಗಿದೆ. ಅತ್ತೆ ಮಧ್ಯಾಹ್ನ ಎರಡನೇ ಸಲ ಸ್ನಾನ ಮಾಡುತ್ತಿದ್ದುದನ್ನು ದಾವಣಗೆರೆಯ ಬಿಸಿಲಿನ ಲೆಕ್ಕಕ್ಕೆ ಬರೆದೆ.

ನೀವು ಹರಿಹರದ ಕಡೆಯವರಾದರೆ ದಯವಿಟ್ಟು ಇಲ್ಲಿಗೇ ಓದು ನಿಲ್ಲಿಸಿ. ಒಂದು ಮಧ್ಯಾಹ್ನ ಕ್ಲಾಸು ಇಲ್ಲದೆ ಬೇಗ ಮನೆಗೆ ಬಂದೆ. ಅತ್ತೆ ತಲೆ ತುಂಬ ಸೆರಗು ಹೊದ್ದು ತೊಟ್ಟಿಯ ಮುಂದೆ ನಿಂತಿದ್ದರು. ಎಡಗೈಯಲ್ಲಿ ಸ್ಟೀಲ್ ಡಬ್ಬಿ, ಬಲಗೈಯಲ್ಲಿ ಕಣ್ಣಿನ ಡ್ರಾಪ್ಸಿನ ಖಾಲಿ ಬಾಟಲಿ. ಅದರಿಂದ ಹವಳದ ಒಂದೊಂದು ಬಾಯಿಗೂ ಏನನ್ನೋ ಹನಿಸುತ್ತಿದ್ದರು, ಕೂಸಿಗೆ ಔಷಧ ಹಾಕಿದಂತೆ.

"ಅತ್ತೆ, ಏನ್ರೀ ಅದು?"

ಅವರು ಡಬ್ಬಿಗೆ ಸೆರಗು ಮುಚ್ಚಿದರು. "ಒಣ ಸೀಗಡಿ ಪುಡಿ ರೀ. ನೆನೆಸಿ ಸೋಸಿದ್ದು, ವಾಸನೆ ತಾಗಿದ್ರೆ ಹಗಲೂ ಬಾಯಿ ತೆಗಿತೈತಿ. ಹರಿಹರದ ಸಂತ್ಯಾಗೆ ತಂದೆ, ಮುಖ ಮುಚ್ಕೊಂಡು ಹೋಗಿದ್ದೆ, ಯಾರೂ ನೋಡಿಲ್ಲ."

ನಾನು ಡಬ್ಬಿಯೊಳಗೆ ಬಗ್ಗಿ ನೋಡಿದೆ. ಅವರೇ ಮುಂದುವರಿಸಿದರು. "ನೀವು ಅಂಗಡಿಯವನ ಮಾತು ಹೇಳ್ತಿದ್ರಲ್ಲ, ಕೇಳಿದ್ದೆ. ನನ್ನ ನೇಮ ನನಗೆ, ಅವುಕ್ಯಾಕ್ರೀ? ಮನೆಗೆ ಬಂದ ಜೀವ ಹಸ್ಕೊಂಡಿದ್ರೆ ನಾ ಹೆಂಗೆ ಉಣ್ಲಿ? ಹಾಕಿದ ಮ್ಯಾಲೆ ತಲಿಗೆ ನೀರು ಹಾಕ್ಕೊಂತೀನ್ರಿ." ಆಮೇಲೆ ದನಿ ತಗ್ಗಿತು. "ಯಾರ ಮುಂದೂ ಹೇಳಬ್ಯಾಡ್ರಿ. ಗೊತ್ತಾದ್ರೆ ನನ್ನ ತಂಗಿ ನನ್ನ ಕೈನೀರು ಕುಡಿಯಲ್ಲ."

ಯಾರಿಗೆ ಹೆದರಿ ನಾನು ಆ ಜೀವಗಳನ್ನು ಉಪವಾಸ ಕೆಡವಿದ್ದೆನೋ, ಅವರು ಊರಿಗೇ ಹೆದರಿಕೊಂಡು, ನನಗೂ ಹೆದರಿಕೊಂಡು ಅವಕ್ಕೆ ಉಣ್ಣಿಸುತ್ತಿದ್ದರು. ನಾಚಿಕೆಯಿಂದ ನೆಲ ನೋಡಿದೆ. "ನಾಳೆಯಿಂದ ನಾನು ಹಾಕ್ತೀನ್ರಿ ಅತ್ತೆ," ಎಂದು ಡಬ್ಬಿ ಇಸಿದುಕೊಂಡೆ. ಕೊಡಲು ಅವರಿಗೆ ಮನಸ್ಸಿರಲಿಲ್ಲ, ಆ ವಾಸನೆ ನನ್ನ ಕೈಗೇಕೆ ಎಂದು.

ಇವತ್ತು ಮಧ್ಯಾಹ್ನ ಅತ್ತೆ ಅದೇ ತಂಗಿಯನ್ನು ಕರೆದುಕೊಂಡು ಬಂದಿದ್ದರು. ಹವಳ ಈಗ ಅಂಗೈ ಅಗಲವಾಗಿದೆ. ಚಿಕ್ಕತ್ತೆ ಗಾಜಿಗೆ ಮೂಗು ತಾಗಿಸಿ ನೋಡಿ ಕೇಳಿದರು. "ಅಬ್ಬಬ್ಬಾ, ಏನ್ ಹಾಕಿ ಬೆಳೆಸೀರಿ ಇದನ್ನ?"

ಅತ್ತೆಯ ಮುಖದ ರಕ್ತ ಇಳಿದಿದ್ದು ನನಗೊಬ್ಬನಿಗೇ ಕಂಡಿತು. ನಾನು ಎದೆ ಉಬ್ಬಿಸಿ ಆ ಹಳೆಯ ಬಾಟಲಿಯ ಗುಣಗಾನ ಶುರುವಿಟ್ಟೆ. ಹಿಂದೆ ಅದೇ ಸುಳ್ಳನ್ನು ತಿಳಿಯದೆ ಹೇಳಿದ್ದೆ, ಈ ಸಲ ತಿಳಿದೇ ಹೇಳಿದೆ. ಜೀವಮಾನದಲ್ಲಿ ಅಷ್ಟು ಪ್ರೀತಿಯಿಂದ ಬಡಾಯಿ ಕೊಚ್ಚಿದ್ದು ನೆನಪಿಲ್ಲ.

ಅತ್ತೆ ಉಸಿರು ಬಿಟ್ಟು ತಂಗಿಗೆ ಹೇಳಿದರು. "ಔಷಧ ಎಲ್ಲಿ ಬಿಡೇ. ಎಲ್ಲಾ ನಮ್ಮ ಅಳಿಯಂದ್ರ ಕೈಗುಣ."

ನಾನು ಬಲಗೈಯನ್ನು ಮೆಲ್ಲಗೆ ಪಂಚೆಗೆ ಒರೆಸಿಕೊಂಡೆ.